ಹವಳದ ದೀಪಕ್ಕೆ ಮೂರು ಮಳೆಗಾಲ: ತೀರ್ಥಹಳ್ಳಿಯಲ್ಲಿ ಬಳಸಿದ ಅನುಭವ

ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂ ಮೇಲೆ ಈ 90 ವ್ಯಾಟ್‌ನ ಎಲ್‌ಇಡಿ ದೀಪ ಉರಿಯುತ್ತಾ ಮೂರು ಮಳೆಗಾಲ ಕಳೆದವು. ಕೊಂಡ ವಾರದಲ್ಲೇ ಐದು ನಕ್ಷತ್ರ ಕೊಡುವವರು ನೋಡಿರುವುದು ಬೆಳಕನ್ನು ಮಾತ್ರ. ಹವಳಕ್ಕೆಂದು ಕೊಂಡ ದೀಪದ ಬೆಲೆ ತಿಳಿಯುವುದು ಅದರಡಿ ಹವಳ ಎಷ್ಟು ಬೆಳೆಯಿತು ಎಂಬುದರಿಂದ.

ನಾನು ಸಾಕಿರುವುದು ಸಾರ್ಕೋಫೈಟನ್ ಎಂಬ ಮೃದು ಹವಳ. ಗೆಳೆಯರೊಬ್ಬರ ತೊಟ್ಟಿಯಲ್ಲೇ ಬೆಳೆದ ಹವಳದಿಂದ ಕತ್ತರಿಸಿ ಕೊಟ್ಟ ತುಣುಕು, ಗುಡುಗಿಗೆ ಏಳುವ ಅಣಬೆಯದೇ ಆಕಾರ. (ಕಲ್ಲುಹವಳ ಮತ್ತು ಕಡಲ ಬೀಸಣಿಗೆ ಎಂಬ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.)

ಇದರ ಬೆಳವಣಿಗೆಯನ್ನು ಕಣ್ಣಳತೆಯಲ್ಲಿ ಹೇಳಲಾಗದು. ಒಡಲಲ್ಲಿ ಸುಣ್ಣದ ಸಣ್ಣ ಕಡ್ಡಿಗಳು ಚದುರಿಕೊಂಡಿವೆ, ಅಷ್ಟೇ. ಉಳಿದ ನಿಲುವೆಲ್ಲ ಒಳಗೆ ತುಂಬಿಕೊಂಡ ನೀರಿನದು. ಬೆಳಿಗ್ಗೆ ಮುದುಡಿ ನಿಂಬೆಹಣ್ಣಿನಷ್ಟಿದ್ದದ್ದು ಮಧ್ಯಾಹ್ನಕ್ಕೆ ಅಂಗೈಯಗಲ ಅರಳುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ದೀಪ ಹತ್ತುವ ಮುನ್ನ ಅದನ್ನು ಎತ್ತಿ, ನೀರು ಸೋರಿಸಿ, ತೂಗುತ್ತಾ ಬಂದೆ. ಅಂಟಿಕೊಂಡಿರುವ ಕಲ್ಲಿನ ತೂಕ ಕಳೆದರೆ ಮೊದಲ ದಿನ ಇದ್ದದ್ದು 12 ಗ್ರಾಂ.

ಮೊದಲ ಎರಡು ತಿಂಗಳು ದೀಪವನ್ನು ಪೂರ್ತಿ ಬೆಳಗಿಸಿಟ್ಟೆ. ತೂಕ ಏರಲಿಲ್ಲ, ಕಂದು ಬಣ್ಣ ಪೇಲವವಾಯಿತು. ಹವಳದ ಜೀವಕೋಶಗಳೊಳಗೆ ವಾಸಿಸುವ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ. ಆದರೆ ಒಂದು ಮಿತಿ ದಾಟಿದ ಬೆಳಕು ಆ ಪಾಚಿಯನ್ನೇ ಬಳಲಿಸುತ್ತದೆ. ಬೆಳಕನ್ನು ಶೇಕಡಾ 45ಕ್ಕೆ ಇಳಿಸಿದೆ. ಕೆಲವು ದಿನ ಮುಚ್ಚಿಕೊಂಡೇ ಇದ್ದು, ಮೇಣದಂಥ ಪೊರೆ ಕಳಚಿತು. ಅದರಡಿಯಿಂದ ಪಾಲಿಪ್‌ಗಳು, ಎಂದರೆ ಒಟ್ಟುಗೂಡಿ ಹವಳವಾಗುವ ಪುಟ್ಟ ಜೀವಿಗಳು, ಒಂದೊಂದಾಗಿ ಹೊರಬಂದವು, ಪ್ರತಿಯೊಂದಕ್ಕೂ ಗರಿಯಂಥ ಎಂಟು ಬೆರಳು. ಆ ಸಂಜೆ ತೊಟ್ಟಿಯ ಮುಂದಿನಿಂದ ಏಳಲು ಮನಸ್ಸೇ ಬರಲಿಲ್ಲ.

ಅಲ್ಲಿಂದ ಐದು ತಿಂಗಳಲ್ಲಿ 25 ಗ್ರಾಂ ಆಯಿತು. ಆ 25 ಗ್ರಾಂ 50 ಆಗಲು ಒಂಬತ್ತು ತಿಂಗಳು ಹಿಡಿಯಿತು. ತಿಂಗಳಿಗೆ ಕೂಡಿದ ಗ್ರಾಂ ಹೆಚ್ಚುಕಡಿಮೆ ಅಷ್ಟೇ. ಇಡೀ ಮೈತೂಕದ ಪಾಲಾಗಿ ನೋಡಿದರೆ ವೇಗ ತಗ್ಗಿತು. ‘ಈ ದೀಪದಡಿ ಇಷ್ಟು ತಿಂಗಳಲ್ಲಿ ಎರಡರಷ್ಟು’ ಎನ್ನುವವರು ಶುರುವಿನ ತೂಕ ಎಷ್ಟಿತ್ತು ಎಂಬುದನ್ನೂ ಹೇಳಬೇಕು.

ದೀಪವೊಂದರಿಂದಲೇ ಇದಾಗಲಿಲ್ಲ. ಕೆಂಪು ಸಮುದ್ರದಲ್ಲಿ ಹೆಟೆರೋಕ್ಸೀನಿಯಾ ಎಂಬ ಮೃದು ಹವಳ ಬೆರಳುಗಳನ್ನು ಮುಚ್ಚಿ ತೆರೆಯುತ್ತಲೇ ಇರುತ್ತದೆ. ಮೈಸುತ್ತ ನಿಂತ ಆಮ್ಲಜನಕ ಹೀಗೆ ಚದುರುವುದರಿಂದ ದ್ಯುತಿಸಂಶ್ಲೇಷಣೆ ಬಹಳಷ್ಟು ಹೆಚ್ಚುತ್ತದೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ನನ್ನ ಹವಳಕ್ಕೆ ಆ ವಿದ್ಯೆ ಇಲ್ಲ, ನೀರು ಕದಡುವ ಪಂಪು ಬೇಕೇ ಬೇಕು. ಪುನರ್ವಸು ಮಳೆಗೆ ಮರ ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟ್ ಹೋದಾಗ ಬ್ಯಾಟರಿಗೆ ಜೋಡಿಸಿದ್ದು ಪಂಪನ್ನೇ. ಕತ್ತಲನ್ನು ಹವಳ ತಡೆದುಕೊಂಡಿತು.

ದೂರು ಇರುವುದು ದೀಪವನ್ನು ತಂಪಾಗಿಡುವ ಫ್ಯಾನಿನ ಮೇಲೆ. ಉಪ್ಪಿನ ಹನಿಯ ಜೊತೆಗೆ ಮಲೆನಾಡಿನ ತೇವವೂ ಸೇರಿ ಎರಡನೆಯ ಮಳೆಗಾಲದಲ್ಲಿ ತುಕ್ಕು ಹಿಡಿದು ನಿಂತುಹೋಯಿತು. ಕಂಪನಿಯಿಂದ ಬದಲಿ ಫ್ಯಾನ್ ಬರಲು ಐದು ವಾರ ಬೇಕಾಯಿತು. ಈಗ ದೀಪವನ್ನು ನೀರಿನಿಂದ ಒಂದಡಿ ಮೇಲೆ ತೂಗುಹಾಕಿದ್ದೇನೆ, ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಉಪ್ಪು ಒರೆಸುತ್ತೇನೆ. ಐದರಲ್ಲಿ ನಾಲ್ಕು ಅಂಕ. ಘಟ್ಟದ ಮೇಲಿನವರು ಕೊಳ್ಳುವುದಾದರೆ ಒಂದು ಫ್ಯಾನ್ ಹೆಚ್ಚಿಗೆ ತರಿಸಿಟ್ಟುಕೊಳ್ಳಿ.