ಸಿಸಿಎನ್‌ಎ ‘ಗ್ಯಾರಂಟಿ ಬಂಡಲ್’ ಕೊಳ್ಳುವ ಮುಂಚೆ ಇದನ್ನು ಓದಿ

ಸಿಸಿಎನ್‌ಎ (ಸಿಸ್ಕೋ ಕಂಪನಿ ಕೊಡುವ ನೆಟ್‌ವರ್ಕಿಂಗ್ ಸರ್ಟಿಫಿಕೇಟ್) ಪರೀಕ್ಷೆಗೆ ಓದುತ್ತಿರುವವರು, ಅವರಿಗೆ ದುಡ್ಡು ಹೊಂದಿಸುತ್ತಿರುವ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ದಾವಣಗೆರೆಯಲ್ಲಿ ‘ಪಾಸ್ ಗ್ಯಾರಂಟಿ’ ಅಂತ ಒಂದು ಬಂಡಲ್ ಮಾರುತ್ತಿದ್ದಾರೆ. ಸ್ಪೈರಲ್ ಬೈಂಡಿಂಗ್ ಮಾಡಿದ ಜೆರಾಕ್ಸ್ ಪುಸ್ತಕ, ಜೊತೆಗೆ ವಿಡಿಯೋ ತುಂಬಿದ ಪೆನ್‌ಡ್ರೈವ್. ನನ್ನ ಅಕ್ಕನ ಮಗ ಅದನ್ನೇ ಓದಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಫೇಲಾಗಿ ಬಂದ.

ಹುಡುಗ ಚುರುಕು, ಡಿಪ್ಲೊಮಾ ಚೆನ್ನಾಗಿ ಮುಗಿಸಿದ್ದಾನೆ. ಮಾರಿದವರು ಅವನಿಗೆ ಹೇಳಿದ್ದು ಇಷ್ಟೇ: “ನೋಡು ತಮ್ಮಾ, ಲ್ಯಾಬು ಗೀಬು ಅಂತ ತಲೆ ಕೆಡಿಸ್ಕೋಬೇಡ. ಇದರಲ್ಲಿ ಇರೋದೇ ಬರುತ್ತೆ. ಬಾಯಿಪಾಠ ಮಾಡು, ಸಾಕು.” ಅಕ್ಕ ಚೀಟಿ ಎತ್ತಿ ದುಡ್ಡು ಕೊಟ್ಟಳು. ಬಂಡಲ್‌ಗೆ ಹೋದದ್ದು ಹೋಗಲಿ, ಪರೀಕ್ಷೆಯ ಫೀಜೇ 300 ಡಾಲರ್. ತೆರಿಗೆ ಸೇರಿದರೆ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. ಫೇಲಾದರೆ ಐದು ದಿನ ಬಿಟ್ಟು ಮತ್ತೆ ಬರೆಯಬಹುದು, ಆದರೆ ಫೀಜನ್ನು ಮತ್ತೆ ಪೂರ್ತಿ ಕಟ್ಟಬೇಕು. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಊರಿಗೆ ಬಂದವನು ನನ್ನ ಮುಂದೆ ಕೂತು, “ಮಾಮ, ಎಲ್ಲಾ ಬಾಯಿಗೆ ಬರುತ್ತೆ. ಆದರೆ ಕಮಾಂಡ್ ಹೊಡಿ ಅಂದಾಗ ಮೊದಲು ಏನು ಟೈಪ್ ಮಾಡಬೇಕು ಅಂತಾನೇ ಹೊಳೀಲಿಲ್ಲ” ಅಂದ. ಯಾವ ಪ್ರಶ್ನೆ ಬಂತು ಅಂತ ನಾನು ಕೇಳಲಿಲ್ಲ. ಅದನ್ನು ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡ ಮೇಲೇ ಪರೀಕ್ಷೆ ಶುರುವಾಗುವುದು. ಆದರೆ ಲ್ಯಾಬ್ ಪ್ರಶ್ನೆ, ಅಂದರೆ ಕಮಾಂಡ್ ಹೊಡೆದು ಮಾಡಿ ತೋರಿಸಬೇಕಾದ ಪ್ರಶ್ನೆ, ಇರುತ್ತದೆ ಅನ್ನುವುದು ಗುಟ್ಟೇನಲ್ಲ, ಸಿಸ್ಕೋದವರೇ ಹೇಳುತ್ತಾರೆ. ಇರುವುದು 120 ನಿಮಿಷ. ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದಕ್ಕೆ ಹೋಗಲು ಆಗುವುದಿಲ್ಲ.

ಆಫೀಸುಗಳಿಗೆ ಸ್ವಿಚ್ಚು, ರೌಟರ್ ಹಾಕಿಕೊಡುವುದು ನನ್ನ ಕಸುಬು. ಹಾಗಾಗಿ ಆ ಬಂಡಲ್ ತರಿಸಿಕೊಂಡು ಪುಟ ಪುಟ ನೋಡಿದೆ. ನೋಡುತ್ತಾ ಹೋದ ಹಾಗೆ ಸಿಟ್ಟು ಜಾಸ್ತಿಯಾಯಿತು.

ಮುಖಪುಟದ ಮೇಲೆ ‘ಲೇಟೆಸ್ಟ್’ ಅಂತ ದೊಡ್ಡದಾಗಿ ಇದೆ. ಒಳಗೆ ಫ್ರೇಮ್ ರಿಲೇಗೆ (ದೂರದ ಆಫೀಸುಗಳನ್ನು ಜೋಡಿಸುವ ಹಳೇ ವಿಧಾನ) ಒಂದು ಇಡೀ ಅಧ್ಯಾಯ! ಅದು 2016ರ ಬದಲಾವಣೆಯಲ್ಲೇ ಪಠ್ಯಕ್ರಮದಿಂದ ಹೋಗಿದೆ. ಆಮೇಲೆ ಇಐಜಿಆರ್‌ಪಿ (ರೌಟರ್‌ಗಳು ದಾರಿ ಕಂಡುಕೊಳ್ಳುವ ಒಂದು ಪದ್ಧತಿ) ಬಗ್ಗೆ ರಾಶಿ ಪ್ರಶ್ನೆ. ಈಗಿನ ಪರೀಕ್ಷೆಯ ಕೋಡ್ 200-301, ಅದು ಬಂದಿದ್ದು 2020ರ ಫೆಬ್ರುವರಿಯಲ್ಲಿ. ಅದರ ವಿಷಯಪಟ್ಟಿಯಲ್ಲಿ ಇಐಜಿಆರ್‌ಪಿ ಇಲ್ಲ, ಅದೇ ಕೆಲಸದ ಇನ್ನೊಂದು ಪದ್ಧತಿ ಒಎಸ್‌ಪಿಎಫ್ ಇದೆ. 2024ರ ಆಗಸ್ಟ್‌ನಿಂದ ಇದೇ ಪರೀಕ್ಷೆಯ 1.1 ಆವೃತ್ತಿ ನಡೆಯುತ್ತಿದೆ. ಆಟೊಮೇಶನ್‌ಗೇ (ಪ್ರೋಗ್ರಾಂಗಳ ಮೂಲಕ ನೆಟ್‌ವರ್ಕ್ ನಡೆಸುವುದು) ನೂರಕ್ಕೆ 10 ಪಾಲು ಇದೆ. ಬಂಡಲ್‌ನಲ್ಲಿ ಅದರ ಸುಳಿವೇ ಇಲ್ಲ. ವೈಫೈ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ವೈರ್‌ಲೆಸ್ ಕಂಟ್ರೋಲರ್ ಬಗ್ಗೆಯೂ ಒಂದು ಸಾಲಿಲ್ಲ.

ಹಳೆಯದು ಅನ್ನುವುದಕ್ಕಿಂತ ತಪ್ಪು ಉತ್ತರಗಳದ್ದೇ ದೊಡ್ಡ ಕಾಟ. ಸ್ಲ್ಯಾಶ್ 26 ನೆಟ್‌ವರ್ಕ್‌ನಲ್ಲಿ (ಒಟ್ಟು 64 ವಿಳಾಸ ಇರುವ ನೆಟ್‌ವರ್ಕ್) ಎಷ್ಟು ಹೋಸ್ಟ್‌ಗಳಿಗೆ, ಅಂದರೆ ಕಂಪ್ಯೂಟರ್‌ನಂಥ ಸಾಧನಗಳಿಗೆ, ವಿಳಾಸ ಕೊಡಬಹುದು ಅಂತ ಒಂದು ಪ್ರಶ್ನೆ. ಉತ್ತರ 64 ಅಂತ ಕೊಟ್ಟಿದ್ದಾರೆ. ನೆಟ್‌ವರ್ಕ್ ವಿಳಾಸ, ಬ್ರಾಡ್‌ಕಾಸ್ಟ್ ವಿಳಾಸ ಎರಡನ್ನೂ ಬಿಟ್ಟರೆ 62. ಹುಡುಗ 64 ಅಂತಲೇ ಬಾಯಿಪಾಠ ಮಾಡಿದ್ದ.

ಇನ್ನೊಂದು ಕಡೆ ಆಕ್ಸೆಸ್ ಲಿಸ್ಟ್, ಅಂದರೆ ಯಾವ ವಿಳಾಸವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ರೌಟರ್‌ಗೆ ಹೇಳುವ ಪಟ್ಟಿ. 192.168.10.0ರ ಸ್ಲ್ಯಾಶ್ 26 ಭಾಗಕ್ಕೆ ಪರ್ಮಿಟ್ ಕೊಡಿ ಅಂತ ಇದೆ. ಉತ್ತರದಲ್ಲಿ 255.255.255.192 ಅಂತ ಮಾಮೂಲಿ ಸಬ್‌ನೆಟ್ ಮಾಸ್ಕ್ ಹಾಕಿದ್ದಾರೆ. ಅಲ್ಲಿ ಬೇಕಾಗಿರುವುದು ಸಬ್‌ನೆಟ್ ಮಾಸ್ಕ್‌ಗೆ ತದ್ವಿರುದ್ಧವಾದ ವೈಲ್ಡ್‌ಕಾರ್ಡ್ ಮಾಸ್ಕ್, ಅಂದರೆ 0.0.0.63. ಇದನ್ನು ಹೇಳಿ ಬಿಟ್ಟರೆ ತಲೆಗೆ ಹೋಗುವುದಿಲ್ಲ ಅಂತ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋ ಸಾಫ್ಟ್‌ವೇರ್) ತೆಗೆದು ಅವನ ಕೈಯಲ್ಲೇ ಮಾಡಿಸಿದೆ. ಬಂಡಲ್‌ನಲ್ಲಿ ಇದ್ದ ಹಾಗೇ ಹೊಡೆದ. ರೌಟರ್ ತಕರಾರಿಲ್ಲದೆ ತೆಗೆದುಕೊಂಡಿತು, ಯಾವ ಎರರೂ ಬರಲಿಲ್ಲ. ಆದರೆ 192.168.10.5ರಿಂದ ಪಿಂಗ್ (ಆಚೆ ತಲುಪುತ್ತದೆಯೇ ಅಂತ ನೋಡುವ ಕಮಾಂಡ್) ಹೋಗಲಿಲ್ಲ. ಆ ಲಿಸ್ಟ್ ತೆಗೆದು 0.0.0.63 ಹಾಕಿ ಹೊಸದಾಗಿ ಬರೆದ, ಪಿಂಗ್ ಹೋಯಿತು. “ಅಯ್ಯೋ ಮಾಮ, ಇಷ್ಟೇನಾ!” ಅಂದ.

ಟ್ರಂಕ್ ಪೋರ್ಟ್‌ದೂ ಇದೇ ಕಥೆ. ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ಮಾಡಿಟ್ಟ ನೆಟ್‌ವರ್ಕ್‌ಗಳಿಗೆ ವಿಲ್ಯಾನ್ ಅನ್ನುತ್ತಾರೆ, ಹಲವು ವಿಲ್ಯಾನ್‌ಗಳನ್ನು ಒಂದೇ ತಂತಿಯಲ್ಲಿ ಸಾಗಿಸುವುದು ಟ್ರಂಕ್. ಟ್ರಂಕ್‌ನಲ್ಲಿ ವಿಲ್ಯಾನ್ 10 ಓಡುತ್ತಿದೆ, 20ನ್ನೂ ಸೇರಿಸಬೇಕು ಅಂದುಕೊಳ್ಳಿ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 20’ ಅಂತ ಹೊಡೆದರೆ 20 ಒಂದೇ ಉಳಿಯುತ್ತದೆ, 10 ಕಿತ್ತುಹೋಗುತ್ತದೆ. ನಡುವೆ ‘ಆ್ಯಡ್’ ಅನ್ನುವ ಪದ ಬೇಕು. ನಿಜವಾದ ಆಫೀಸಿನಲ್ಲಿ ಇದು ಆದರೆ ಒಂದು ಇಡೀ ವಿಭಾಗದ ನೆಟ್‌ವರ್ಕ್ ನಿಂತುಹೋಗುತ್ತದೆ. ಎ, ಬಿ, ಸಿ, ಡಿ ಉತ್ತರ ಉರು ಹೊಡೆದವರಿಗೆ ಇದು ಹೇಗೆ ಗೊತ್ತಾಗಬೇಕು ಹೇಳಿ? ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು, ಅಲ್ವಾ?

ಇನ್ನೊಂದು ಅಪಾಯ ಇದೆ. ‘ಪರೀಕ್ಷೆಯಲ್ಲಿ ಬಂದ ಅಸಲಿ ಪ್ರಶ್ನೆಗಳು’ ಅಂತ ಮಾರುವುದಕ್ಕೆ ಡಂಪ್ ಅನ್ನುತ್ತಾರೆ. ಅದನ್ನು ಬಳಸಿ ಸಿಕ್ಕಿಬಿದ್ದರೆ ಸಿಸ್ಕೋದವರು ಫಲಿತಾಂಶ ರದ್ದು ಮಾಡಬಹುದು, ಕೊಟ್ಟ ಸರ್ಟಿಫಿಕೇಟ್ ವಾಪಸ್ ಪಡೆಯಬಹುದು, ಮುಂದೆ ಪರೀಕ್ಷೆಗೇ ಕೂರದಂತೆ ತಡೆಯಬಹುದು. ಮಾರಿದವರಿಗೆ ಏನೂ ಆಗುವುದಿಲ್ಲ. ಹೆಸರು ಹಾಳಾಗುವುದು ನಮ್ಮ ಮಕ್ಕಳದ್ದು.

ನಾನು ಅಕ್ಕನ ಜೊತೆ ಹೋಗಿ ಬಂಡಲ್ ದುಡ್ಡು ವಾಪಸ್ ಕೇಳಿದೆ. “ನಿಮ್ಮ ಹುಡುಗ ಸರಿಯಾಗಿ ಓದಿಲ್ಲ ಮೇಡಂ” ಅಂದರು. ಬಿಲ್ ಕೊಟ್ಟಿರಲಿಲ್ಲ, ಗ್ಯಾರಂಟಿ ಅನ್ನುವುದು ಬರೀ ಬಾಯಿಮಾತು. ತಾಯಿಯ ಎದುರೇ ಮಗನನ್ನು ಹಾಗೆ ಅಂದದ್ದು ನನಗೆ ಇವತ್ತಿಗೂ ನೋವು.

ಹಾಗಾದರೆ ಏನು ತಗೋಬೇಕು? ಮೊದಲು ಸಿಸ್ಕೋ ವೆಬ್‌ಸೈಟಿನಿಂದ 200-301ರ ವಿಷಯಪಟ್ಟಿ ಇಳಿಸಿಕೊಳ್ಳಿ, ಅದು ಪುಕ್ಕಟೆ. ಯಾವ ಪುಸ್ತಕ ಸಿಕ್ಕರೂ ಅದರ ಪರಿವಿಡಿಯನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿ. ಕೋಡ್, ಆವೃತ್ತಿ ತಾಳೆಯಾಗದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಪಟ್ಟಿಯಲ್ಲಿ ‘ಕಾನ್ಫಿಗರ್’ ಅಂತ ಶುರುವಾಗುವ ಸಾಲುಗಳಿಗೆ ಗುರುತು ಹಾಕಿಕೊಳ್ಳಿ. ಅವನ್ನೆಲ್ಲ ಕೈಯಾರೆ ಮಾಡಲೇಬೇಕು. ಅದಕ್ಕೆ ಪ್ಯಾಕೆಟ್ ಟ್ರೇಸರ್ ಇದೆ, ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಅದೂ ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಹಳೇ ಸ್ವಿಚ್ಚು, ರೌಟರ್ ಕಿಟ್ ಕೊಳ್ಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ ಈ ಪರೀಕ್ಷೆಗೆ ಅದು ಬೇಕಾಗಿಲ್ಲ ಅಂತ ಹೇಳಿ ಬನ್ನಿ.

ವಿಡಿಯೋ ನೋಡುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ. ಮೇಷ್ಟ್ರು ಮಾಡಿದ್ದನ್ನು ಮಾಡಿ ಮುಗಿಸಿದ ಮೇಲೆ ಎಲ್ಲಾ ಅಳಿಸಿ, ವಿಡಿಯೋ ಮುಚ್ಚಿ, ಸುಮ್ನೆ ನೀವೊಬ್ಬರೇ ಮತ್ತೆ ಕಟ್ಟಿ. ಆಮೇಲೆ ಬೇಕಂತಲೇ ಒಂದು ಕಡೆ ಕೆಡಿಸಿ, ಸಾಧನದ ಸ್ಥಿತಿ ತೋರಿಸುವ ‘ಶೋ’ ಕಮಾಂಡ್‌ಗಳಿಂದ ತಪ್ಪು ಹುಡುಕಿ. ನಮ್ಮ ಹುಡುಗ ಈಗ ಹೀಗೇ ಓದುತ್ತಿದ್ದಾನೆ.

ಅವನ ಸ್ಕೋರ್ ರಿಪೋರ್ಟ್‌ನಲ್ಲಿ ಪ್ರತಿ ವಿಭಾಗಕ್ಕೆ ಎಷ್ಟು ಪರ್ಸೆಂಟ್ ಬಂದಿದೆ ಅಂತ ಇದೆ. ಯಾವುದು ಕಡಿಮೆಯೋ ಅದರಿಂದಲೇ ಶುರು ಮಾಡಿದ್ದೇವೆ. ದಾವಣಗೆರೆಯಲ್ಲಿ ಯಾರ ಕೈಗಾದರೂ ಆ ಬಂಡಲ್ ಈಗಾಗಲೇ ಬಂದಿದ್ದರೆ ಅದನ್ನು ಪಕ್ಕಕ್ಕಿಡಿ, ಪರೀಕ್ಷೆ ದಿನಾಂಕ ಬುಕ್ ಮಾಡಿದ್ದರೆ ಮುಂದಕ್ಕೆ ಹಾಕಿ. ಪ್ಯಾಕೆಟ್ ಟ್ರೇಸರ್ ಹಾಕಿಕೊಳ್ಳಲು ಬರದಿದ್ದರೆ ಇಲ್ಲೇ ಕೆಳಗೆ ಕೇಳಿ. ಭಾನುವಾರ ನಾನು ಬಿಡುವಾಗಿರುತ್ತೇನೆ, ಕೂತು ಹಾಕಿಕೊಡುತ್ತೇನೆ.