35 ಕೆಜಿ ಆಮೆಗೊಂದು ಬೆಚ್ಚನೆ ಮನೆ: ದುಡ್ಡು ಕೊಡಬಹುದಾ?

ಗಾಜಿನ ತೊಟ್ಟಿಯಲ್ಲಿ ಪುಟಾಣಿ ಆಮೆ ಸಾಕುವವರಿಗೆ ಈ ಹೀಟರ್ ಇರುವ ಪೆಟ್ಟಿಗೆ ಮನೆಯಿಂದ ಏನೂ ಉಪಯೋಗ ಇಲ್ಲ. ಇದು ಸುಲ್ಕಾಟಾ ಸಾಕುವವರಿಗೆ. ಸುಲ್ಕಾಟಾ ಅಂದ್ರೆ ಆಫ್ರಿಕಾದ ನೆಲದ ಆಮೆ. ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪದ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ನಮ್ಮನೆ ಗುಂಡ ಸದ್ಯಕ್ಕೆ 35 ಕೆಜಿ ಇದ್ದಾನೆ, ಇನ್ನೂ ಬೆಳೆಯುತ್ತಿದ್ದಾನೆ. ನಾವಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಅವನು ರಾತ್ರಿ ಮಲಗಲಿ ಅಂತ ಇಲ್ಲಿಯ ಬಡಗಿಯೊಬ್ಬರಿಂದ 650 ಡಾಲರ್ ಕೊಟ್ಟು ಒಂದು ಪೆಟ್ಟಿಗೆ ಮನೆ ಮಾಡಿಸಿದೆವು.

"ಫೀನಿಕ್ಸ್ ಅಂದ್ರೆ ಬೆಂಕಿ ಅಲ್ವಾ, ಆಮೆಗೆ ಹೀಟರ್ ಯಾಕೆ?" ಊರಿಂದ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ. ಬೇಸಿಗೆ ಬೆಂಕಿಯೇ. 2023ರಲ್ಲಿ ಸತತ 31 ದಿನ ಬಿಸಿಲು 43 ಡಿಗ್ರಿ ದಾಟಿತ್ತು. ಆದರೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಐದಾರು ಡಿಗ್ರಿಗೆ ಇಳಿಯುತ್ತದೆ. ಇಲ್ಲಿಯದೇ ಮರುಭೂಮಿ ಆಮೆಗಳು ಚಳಿಗಾಲ ಪೂರ್ತಿ ಬಿಲದಲ್ಲಿ ಮಲಗಿಬಿಡುತ್ತವೆ. ಸುಲ್ಕಾಟಾ ಸಹಾರಾದ ದಕ್ಷಿಣದ ಅಂಚಿನದು. ಆ ಚಳಿನಿದ್ದೆ ಅದಕ್ಕೆ ಬರುವುದಿಲ್ಲ. ತಣ್ಣಗಾಗಿ, ಜೊತೆಗೆ ಒದ್ದೆಯೂ ಆದರೆ ಮೂಗು ಸೋರಿ ಉಸಿರಾಟದ ಕಾಯಿಲೆ ಹಿಡಿಯುತ್ತದೆ.

ಪೆಟ್ಟಿಗೆ 4 ಅಡಿ ಉದ್ದ, 4 ಅಡಿ ಅಗಲ. ಎರಡು ಪದರ ಪ್ಲೈವುಡ್, ನಡುವೆ ಫೋಮ್ ಹಲಗೆ. ಕೆಳಗೆ ಹಂದಿಮರಿಗಳನ್ನು ಬೆಚ್ಚಗಿಡಲು ಬಳಸುವ ಗಟ್ಟಿ ಹೀಟ್ ಮ್ಯಾಟ್. ಮೂಲೆಯಲ್ಲಿ ಎಣ್ಣೆ ತುಂಬಿದ ಚಿಕ್ಕ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್. ಬಾಗಿಲಿಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ನೇತುಹಾಕುವಂಥ ದಪ್ಪ ಪ್ಲಾಸ್ಟಿಕ್ ಪಟ್ಟಿಗಳು. ಹೊರಗೆ ಕೈ ಕೊರೆಯುವ ರಾತ್ರಿಯಲ್ಲೂ ಒಳಗೆ 27 ಡಿಗ್ರಿ ನಿಂತಿದೆ. ಕರೆಂಟ್ ಬಿಲ್ಲೂ ಹೆದರಿದಷ್ಟು ಬಂದಿಲ್ಲ. ಮರಗೆಲಸಕ್ಕೆ ಪೂರ್ತಿ ಅಂಕ.

ತಕರಾರು ಇರುವುದು ಒಳಗಿನ ಜೋಡಣೆಯ ಬಗ್ಗೆ. ಥರ್ಮೋಸ್ಟಾಟ್‌ನ ಸೆನ್ಸರನ್ನು ಚಾವಣಿಗೆ ಅಂಟಿಸಿದ್ದರು. ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ, ಸೆನ್ಸರ್ "ಸಾಕು" ಅಂದುಕೊಂಡು ಹೀಟರ್ ಆಫ್ ಮಾಡುತ್ತದೆ, ಕೆಳಗೆ ಆಮೆ ತಣ್ಣಗೆ ಕೂತಿರುತ್ತದೆ. ನನ್ನ ಗಂಡ ಅದನ್ನು ಬಿಚ್ಚಿ ಚಿಪ್ಪಿನ ಎತ್ತರಕ್ಕೆ ಇಳಿಸಿದರು. ಇನ್ನು ಹೀಟರ್ ಮುಂದಿನ ತಂತಿ ಜಾಲರಿ. ಗುಂಡ ಒಳಗೆ ತಿರುಗಿಕೊಳ್ಳುವಾಗ ಮುಂದೆ ಏನಾದರೂ ಸಿಕ್ಕರೆ ಸುತ್ತಿಕೊಂಡು ಹೋಗುವ ಜಾಯಮಾನದವನಲ್ಲ. ತಲೆ ಒಳಗೆಳೆದು, ಚಿಪ್ಪಿನ ಮುಂಭಾಗ ಒತ್ತಿ, ಹಿಂಗಾಲು ಊರಿ ಬುಸ್ಸೆಂದು ತಳ್ಳುತ್ತಾನೆ. ಬೆಳಗಾಗುವಷ್ಟರಲ್ಲಿ ಜಾಲರಿ ಮುರುಟಿದ ಹಪ್ಪಳವಾಗಿತ್ತು. ಈಗ ಅಲ್ಲಿ ದಪ್ಪ ಮರದ ಅಡ್ಡಪಟ್ಟಿ ಇದೆ. ಹಿತ್ತಲಿನ ಕುರ್ಚಿ, ಹೂಕುಂಡ ಎಲ್ಲವೂ ಅವನ ಇಷ್ಟದಂತೆ ಜಾಗ ಬದಲಿಸುತ್ತಿರುತ್ತವೆ, ಅದು ಬೇರೆ ಮಾತು.

ಇಷ್ಟೆಲ್ಲ ಕಷ್ಟಪಟ್ಟು ಸಾಕುವುದು ಯಾಕೆ? ನನ್ನ ಅತ್ತೆ ದಾವಣಗೆರೆಯಿಂದ ಬಂದವರೇ ಹಿತ್ತಲು ನೋಡಿ, "ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಕಣಮ್ಮಾ" ಅಂದರು. "ಮನೆ ಒಳಗೆ ಎಲ್ಲಿ ಬಂದಿದೆ ಅತ್ತೆ, ಹಿತ್ತಲಲ್ಲೇ ಇದೆಯಲ್ಲ" ಅಂದೆ. ಸ್ವಲ್ಪ ದಿನಕ್ಕೆ ಪೂಜೆಗೆ ಬಿಡಿಸಿದ ದಾಸವಾಳದಲ್ಲಿ ಅರ್ಧ ಗುಂಡನ ಪಾಲಾಯಿತು. ಅವರು ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಆ ಮೂಲೆಯಿಂದ ಈ ಮೂಲೆಗೆ ನಡೆದುಕೊಂಡು ಬರುತ್ತಾನೆ. ಹೂವನ್ನು ಒಮ್ಮೆ ಮೂಸುತ್ತಾನೆ, ಬಾಯಿ ಅಗಲಿಸಿ ಕಚ್ಚುತ್ತಾನೆ, ಕತ್ತು ಹಿಂದಕ್ಕೆ ಎಳೆದು ಹರಿಯುತ್ತಾನೆ. ಮೂತಿಯೆಲ್ಲ ಕೆಂಪು. ನಾಯಿಯ ಥರ ಬಾಲ ಅಲ್ಲಾಡಿಸಿ ನಮ್ಮನ್ನು ಖುಷಿಪಡಿಸುವ ಆಸೆ ಅವನಿಗಿಲ್ಲ. ಬಂದಿರುವುದು ಹೂವಿಗೆ. ನನಗೆ ಹಿಡಿಸಿರುವುದೂ ಈ ನೇರ ವ್ಯವಹಾರವೇ. ದಿನವಿಡೀ ಮೀಟಿಂಗ್‌ನಲ್ಲಿ ನಗುಮುಖ ಹೊತ್ತು ಕೂತವಳಿಗೆ ಸಂಜೆ ಇಂಥವನೊಬ್ಬ ಬೇಕು.

ಊಟದ ಖರ್ಚು ಜಾಸ್ತಿ ಇಲ್ಲ. ಹಿತ್ತಲಿನ ಬರ್ಮುಡಾ ಹುಲ್ಲು, ಒಣಹುಲ್ಲು, ಹಿಪ್ಪುನೇರಳೆ ಎಲೆ, ಪಾಪಾಸುಕಳ್ಳಿ. ಹಣ್ಣು ಕೊಡಬಾರದು, ಹೊಟ್ಟೆ ಕೆಡುತ್ತದೆ. ಇಲ್ಲಿ ಬೇಲಿಗೆ ಎಲ್ಲರೂ ಕಣಗಿಲೆ ಬೆಳೆಸುತ್ತಾರೆ, ಅದು ವಿಷ. ಗುಂಡ ಬರುವ ಮುಂಚೆಯೇ ನಮ್ಮದನ್ನು ಬೇರುಸಹಿತ ಕಿತ್ತಿಸಿದೆವು.

ಗುಂಡನನ್ನು ನಾವು ಅಂಗಡಿಯಿಂದ ತಂದದ್ದಲ್ಲ, ಬಿಟ್ಟುಹೋದ ಆಮೆಗಳನ್ನು ನೋಡಿಕೊಳ್ಳುವ ಕಡೆಯಿಂದ. ಮರಿ ಪಿಂಗ್‌ಪಾಂಗ್ ಚೆಂಡಿನಷ್ಟಿರುತ್ತದೆ, ಮುದ್ದಾಗಿರುತ್ತದೆ, ಜನ ತಂದುಬಿಡುತ್ತಾರೆ. ಅದು ಎಪ್ಪತ್ತು ವರ್ಷ ಬದುಕಬಲ್ಲದು, ಕಾಂಪೌಂಡ್ ಗೋಡೆಯ ಕೆಳಗೇ ಬಿಲ ತೋಡುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಯೋಚನೆಯನ್ನೇ ಬಿಡಿ. ಊರಿನಲ್ಲಿ ಓದುತ್ತಿರುವವರಿಗೆ ಇನ್ನೊಂದು ಮಾತು: ನಮ್ಮ ನಕ್ಷತ್ರ ಆಮೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಕದ್ದು ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ.

ಪೆಟ್ಟಿಗೆಗೆ ಐದಕ್ಕೆ ನಾಲ್ಕು. ಮಾಡಿಸುವುದಾದರೆ ಬಾಗಿಲು 24 ಇಂಚು ಅಗಲ ಇರಲಿ ಅಂತ ಒತ್ತಿ ಹೇಳಿ. ನಮಗೆ ಕೊಟ್ಟಿರುವುದು 18 ಇಂಚಿನದು, ಗುಂಡನ ಚಿಪ್ಪು ಈಗಲೇ ಎರಡೂ ಕಡೆ ಉಜ್ಜುತ್ತಿದೆ. ವೈರುಗಳೆಲ್ಲ ಪೈಪಿನೊಳಗೆ, ಹೊರಗೋಡೆಯ ಮೇಲೆ ಬರಲಿ. ಮುಚ್ಚಳಕ್ಕೆ ಕೀಲು ಇದೆ, ಎತ್ತಿ ಗುಡಿಸುವುದು ಸುಲಭ. ಆ ಕೆಲಸವನ್ನು ಅವನು ಮೇಯಲು ಹೋದಾಗ ಮುಗಿಸಿಕೊಳ್ಳಿ. ಒಳಗೆ ಮಲಗಿದ್ದರೆ ಇಬ್ಬರು ಸೇರಿದರೂ ಎತ್ತಿ ಹೊರಗಿಡಲು ಆಗುವುದಿಲ್ಲ, ಕಾಲು ಚಾಚಿ ಗೋಡೆಗೆ ಒತ್ತಿಕೊಂಡುಬಿಡುತ್ತಾನೆ.