ಹಂಚಿನ ಅಡಿಯ ‘ಜಾರದ ಹಾಳೆ’: ಆರು ಮಳೆಗಾಲ ಕಂಡ ಮೇಲೆ

ಅಡಿಕೆ ತೋಟದವರಿಗೆ ಹಾಳೆ (ಅಡಿಕೆ ಗರಿಯ ಅಗಲವಾದ ಬುಡ) ಅಂದರೇ ಜಾರುವ ವಸ್ತು. ಚಿಕ್ಕಂದಿನಲ್ಲಿ ಹಾಳೆ ಮೇಲೆ ಒಬ್ಬನನ್ನು ಕೂರಿಸಿ ಅಂಗಳದ ತುಂಬಾ ಎಳೆದವರು ನಾವು. ಹಾಗಾಗಿ ಹಂಚಿನ ಅಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ತೋರಿಸಿ ಅಂಗಡಿಯವರು ‘ಇದು ಜಾರದ ಹಾಳೆ, ಮಾಡಿನ ಮೇಲೆ ಹಾಸಿ ಆರಾಮಾಗಿ ಓಡಾಡಿ’ ಎಂದಾಗ ಮೊದಲು ನಗು ಬಂತು. ಆಮೇಲೆ ಎರಡು ರೋಲ್ ತಂದೆ.

ಅದು 2019ರ ಏಪ್ರಿಲ್. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಮಾಡು ಬಿಚ್ಚಿದ್ದೆವು. ಪಕಾಸಿಗಳನ್ನು (ಮಾಡಿನ ಇಳಿಜಾರು ಮರಗಳನ್ನು) ಗೆದ್ದಲು ತಿಂದಿತ್ತು, ಮಂಗಳೂರು ಹಂಚು ಮಾತ್ರ ಗಟ್ಟಿಯಾಗಿತ್ತು. ನಮ್ಮ ಸೋರಿಕೆಗೆ ಕಾರಣ ಹಂಚಲ್ಲ, ಮಂಗ. ಮಳೆಗೆ ಮುಂಚೆ ಎಷ್ಟೇ ಚೆನ್ನಾಗಿ ಹಂಚು ಕೈಯಾಡಿಸಿದರೂ ಜುಲೈನಲ್ಲಿ ಒಂದು ದಂಡು ಬಂದು ನಾಲ್ಕು ಹಂಚು ಸರಿಸಿ ಹೋಗುತ್ತಿತ್ತು. ಸುರಿಯುವ ಮಳೆಯಲ್ಲಿ ಪಾಚಿ ಕಟ್ಟಿದ ಮಾಡು ಹತ್ತುವವರು ಯಾರು? ಹಾಸಿಗೆ ಪಕ್ಕ ಪಾತ್ರೆ ಇಟ್ಟು ಮಲಗುತ್ತಿದ್ದೆವು. ಹಂಚಿನ ಕೆಳಗೆ ಇನ್ನೊಂದು ಪದರ ಬೇಕು ಅನ್ನಿಸಿದ್ದು ಅದಕ್ಕೇ.

ಈ ಹಾಳೆ ನೋಡಲು ಗೊಬ್ಬರದ ಚೀಲದ ಅಣ್ಣನಂತಿದೆ. ಅದೇ ನೇಯ್ದ ಪಾಲಿಪ್ರೊಪಿಲೀನ್, ಅದರ ಮೇಲೆ ಪ್ಲಾಸ್ಟಿಕ್ ಲೇಪ. ಮೇಲ್ಮುಖ ಬಟ್ಟೆಯ ಹಾಗೆ ತರಿತರಿ. 4 ಅಡಿ ಅಗಲ, 250 ಅಡಿ ಉದ್ದ, ಅಂದರೆ ರೋಲಿಗೆ 1000 ಚದರಡಿ. ಒಬ್ಬ ಆಳು ಹೆಗಲ ಮೇಲೆ ಹೊತ್ತು ಏಣಿ ಹತ್ತಿದ. ಡಾಂಬರು ಫೆಲ್ಟ್ ಆಗಿದ್ದರೆ ಇಷ್ಟೇ ಜಾಗಕ್ಕೆ ನಾಲ್ಕೈದು ಸುರುಳಿ ಹೊರಬೇಕಿತ್ತು.

ಜಾರುವುದಿಲ್ಲ ಅನ್ನುವುದು ನಿಜವಾ? ಒಣಗಿದ್ದಾಗ ನಿಜ. ಬೆಳಗಿನ ಇಬ್ಬನಿಯಲ್ಲೂ ಬರಿಗಾಲು ಚೆನ್ನಾಗಿ ಹಿಡಿಯುತ್ತದೆ. ಆದರೆ ಮರ ಕೊಯ್ದ ಹುಡಿ ಬಿದ್ದರೆ ಆ ತರಿಯೆಲ್ಲ ತುಂಬಿಹೋಗಿ ಹಾಳೆ ನುಣ್ಣಗಾಗುತ್ತದೆ. ನಮ್ಮ ಬಡಗಿ ಜಾರಿದ್ದು ಹೀಗೇ. ಸೊಂಟಕ್ಕೆ ಹಗ್ಗ ಇತ್ತು, ಮೊಣಕೈ ತರಚಿದ್ದರಲ್ಲಿ ಮುಗಿಯಿತು. ಆಮೇಲೆ ಮಾಡಿನ ಮೇಲೆ ಒಂದು ಪೊರಕೆ ಕಾಯಂ ಆಯಿತು. ಜಾರದ ಹಾಳೆ ಇದೆ ಅಂತ ಹಗ್ಗ ಬಿಡಬೇಡಿ.

ಇನ್ನೊಂದು ಜಾರಿಕೆಯ ಬಗ್ಗೆ ಯಾರೂ ಹೇಳುವುದಿಲ್ಲ. ಕಾಲು ಹಾಳೆಯ ಮೇಲೆ ಜಾರದಿದ್ದರೆ ಸಾಲದು, ಹಾಳೆ ತನ್ನ ಕೆಳಗಿರುವ ಮಾಡಿನ ಹಲಗೆಯ ಮೇಲೆ ಜಾರಬಾರದು. ಇಲ್ಲದಿದ್ದರೆ ಹಾಳೆ ಸಮೇತ ಸೂರಿಗೆ ಬರುತ್ತೀರಿ. ಕೊಳ್ಳುವಾಗ ತುಂಡೊಂದನ್ನು ಮಗುಚಿ ಹಲಗೆಗೆ ಉಜ್ಜಿ ನೋಡಿ. ನಮ್ಮದರ ಹಿಂಬದಿ ಅಷ್ಟೇನೂ ಹಿಡಿಯುತ್ತಿರಲಿಲ್ಲ. ಪೂರ್ತಿ ಮೊಳೆ ಹೊಡೆಯುವವರೆಗೆ ಅದರ ಮೇಲೆ ಕಾಲಿಡಬೇಡಿ.

ಮೊಳೆ ವಿಷಯ. ಮೊದಲು ಹೊಡೆದದ್ದು ಮಾಮೂಲಿ ಮೊಳೆ. ಅಷ್ಟರಲ್ಲಿ ಚುನಾವಣೆ ಬಂತು, ಮದುವೆಗಳು ಬಂದವು, ಆಳುಗಳು ನಾಪತ್ತೆ. ಒಂದು ಸಂಜೆಯ ಗಾಳಿಮಳೆಗೆ ಹಾಳೆ ಪಟಪಟ ಬಡಿದುಕೊಂಡು ಮೊಳೆಯ ಹತ್ತಿರವೇ ಹರಿಯಿತು. ಇದಕ್ಕೆ ರೂಪಾಯಿ ಬಿಲ್ಲೆಯಷ್ಟು ಅಗಲದ ಪ್ಲಾಸ್ಟಿಕ್ ಟೊಪ್ಪಿ ಇರುವ ಮೊಳೆಯೇ ಬೇಕಂತೆ. ಊರಲ್ಲಿ ಸಿಗಲಿಲ್ಲ, ತರಿಸಿಕೊಂಡೆ. ಹಾಸುವುದು ಸೂರಿನಿಂದ ಮೇಲಕ್ಕೆ, ಹಂಚಿನ ಹಾಗೇ ಮೇಲಿನದು ಕೆಳಗಿನದರ ಮೇಲೆ ಬರುವಂತೆ.

ಈಗ ನನ್ನ ದೊಡ್ಡ ತಪ್ಪು. ಹಾಳೆ ಹಾಸಿದ ಮೇಲೆ ಹಂಚು ಕೂರುವ ರೀಪುಗಳನ್ನು (ಮರದ ಸಪೂರ ಕಡ್ಡಿಗಳನ್ನು) ಅಡ್ಡಡ್ಡ ಅದರ ಮೇಲೇ ಬಡಿದುಬಿಟ್ಟರು. ನಾನೂ ಸುಮ್ನೆ ನೋಡುತ್ತಾ ನಿಂತಿದ್ದೆ. ಆ ಆಗಸ್ಟ್ ಮಳೆ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಗಾಳಿಗೆ ಹಂಚಿನ ಸಂದಿಯಿಂದ ಒಳನುಗ್ಗಿದ ನೀರು ಹಾಳೆಯ ಮೇಲೆ ಇಳಿದು ಬಂದು ರೀಪಿಗೆ ತಾಗಿ ನಿಂತಿತು. ಪ್ರತಿ ರೀಪೂ ಒಂದೊಂದು ಪುಟ್ಟ ಕಟ್ಟೆ! ನಿಂತ ನೀರು ರೀಪಿನ ಮೊಳೆಯ ತೂತಿನಲ್ಲಿ ಒಳಗಿಳಿಯಿತು. ಹೊಸ ಹಾಳೆ ಹಾಕಿದ ವರ್ಷವೇ ಅಟ್ಟದ ಹಲಗೆಗಳ ಮೇಲೆ ಸಾಲಾಗಿ ಒದ್ದೆ ಗೆರೆ. ಮನೆಯವಳು ಏನೂ ಹೇಳಲಿಲ್ಲ, ಪಾತ್ರೆ ತಂದಿಟ್ಟಳು ಅಷ್ಟೇ.

ಡಿಸೆಂಬರ್‌ನಲ್ಲಿ ಮತ್ತೆ ಹಂಚು ಇಳಿಸಿದೆವು. ಹಾಳೆಯ ಮೇಲೆ ಮೊದಲು ಮೇಲಿನಿಂದ ಕೆಳಕ್ಕೆ ಒಂದಿಂಚು ದಪ್ಪದ ಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು, ಆಮೇಲೆ ಹಂಚು. ಈಗ ಒಳಬಂದ ನೀರು ರೀಪಿನ ಅಡಿಯಲ್ಲೇ ನುಸುಳಿ ಸೂರಿಗೆ ಹೋಗುತ್ತದೆ. ಆ ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಖರ್ಚು ಎರಡು ಸಲ ಆಯಿತು. ಅಂಗಡಿಯಲ್ಲಿ ಜಾರುವುದಿಲ್ಲ ಅಂತ ಹತ್ತು ಸಲ ಹೇಳಿದವರು ಈ ಪಟ್ಟಿಯ ಬಗ್ಗೆ ಒಂದು ಮಾತು ಹೇಳಬಾರದಿತ್ತಾ? ಜಾರದಿರುವುದು ಬೇಕಾಗುವುದು ಹಂಚು ಹೊದಿಸುವ ದಿನದವರೆಗೆ. ಪಟ್ಟಿ ಬೇಕಾಗುವುದು ಮನೆ ಇರುವವರೆಗೆ.

ಇದು ಉಸಿರಾಡುವ ಹಾಳೆಯಲ್ಲ. ಬರೀ ಹಂಚಿದ್ದಾಗ ಮನೆಯ ಹಬೆ, ಹೊಗೆ ಎಲ್ಲ ಸಂದಿಯಿಂದ ಹೊರಹೋಗುತ್ತಿತ್ತು. ಹಾಳೆ ಬಂದ ಮೇಲೆ ಜುಲೈನಲ್ಲಿ ಅಟ್ಟಕ್ಕೆ ಬೂಷ್ಟಿನ ವಾಸನೆ. ಹಲಗೆಯ ಸಂದಿಯಲ್ಲಿ ಕೈ ಆಡಿಸಿದರೆ ಹಾಳೆಯ ಅಡಿಯಲ್ಲಿ ಬೆವರಿನ ಹನಿ. ಮಾಡಿನ ನೆತ್ತಿಯಲ್ಲಿ, ಎರಡು ಇಳಿಜಾರು ಸೇರುವಲ್ಲಿನ ಮೂಲೆ ಹಂಚಿನ ಕೆಳಗೆ ಎರಡೆರಡು ಇಂಚು ಹಾಳೆ ಕತ್ತರಿಸಿ, ಸೂರಿನ ಕಡೆ ಜಾಲರಿ ಹಾಕಿ ಗಾಳಿಗೆ ದಾರಿ ಮಾಡಿದ ಮೇಲೆ ವಾಸನೆ ಹೋಯಿತು. ಬಚ್ಚಲ ಒಲೆಯ ಮೇಲಿನ ಮಾಡಿಗೆ ಮಾತ್ರ ನಾವು ಹಾಳೆ ಹಾಸಲೇ ಇಲ್ಲ. ಅಲ್ಲಿ ಹೊಗೆಗೆ ಹಂಚಿನ ಸಂದಿಯೇ ಬೇಕು, ಅಲ್ವಾ?

2024ರ ಜುಲೈ ಮಳೆಯಲ್ಲಿ ಮಂಗಗಳು ಐದಾರು ಹಂಚು ಒಡೆದಿದ್ದವು. ನಮಗೆ ಗೊತ್ತಾಗಿದ್ದು ಮಳೆ ಬಿಟ್ಟ ಮೇಲೆ, ಅಂಗಳದಲ್ಲಿ ಚೂರು ನೋಡಿ! ಒಳಗೆ ಒಂದು ಹನಿ ಬಿದ್ದಿರಲಿಲ್ಲ. ಹಂಚು ಬದಲಿಸುವಾಗ ನೋಡಿದೆ. ಹಾಳೆಯ ಮೇಲೆ ಎಲೆಯ ಕಸ, ಒಂದು ಕಡೆ ಇಲಿ ಗೂಡು. ಅಂಚು ಸ್ವಲ್ಪ ಕಡಿದಿದೆ, ಉಳಿದದ್ದು ಹೊಸದರ ಹಾಗೇ ಇದೆ. ಇದೇ ಹಾಳೆಯ ತುಂಡೊಂದನ್ನು ಸೌದೆಗೆ ಹೊದಿಸಿದ್ದೆ. ಅದು ಒಂದೂವರೆ ವರ್ಷಕ್ಕೆ ಬಿಸಿಲು ತಿಂದು ಹಪ್ಪಳದಂತೆ ಮುರಿಯುತ್ತಿತ್ತು. ಹಂಚಿನ ನೆರಳಿದ್ದರೆ ಮಾತ್ರ ಇದಕ್ಕೆ ಆಯಸ್ಸು. ಹಾಸಿ ಆರು ತಿಂಗಳು ಬಿಟ್ಟು ಹಂಚು ಹೊದಿಸುತ್ತೇನೆ ಅನ್ನುವವರು ಕೊಳ್ಳದಿರುವುದೇ ಒಳ್ಳೆಯದು.

ಟಾರ್ಪಾಲಿಗಿಂತ ಬೆಲೆ ಜಾಸ್ತಿ. ಆದರೂ ಮತ್ತೆ ಕೊಳ್ಳುತ್ತೇನೆ, ಹಲಗೆ ಇರುವ ಮಾಡಿಗೆ ಮಾತ್ರ. ಐದಕ್ಕೆ ಮೂರೂವರೆ ನಕ್ಷತ್ರ. ಅರ್ಧ ರೋಲ್ ಇನ್ನೂ ಅಟ್ಟದಲ್ಲಿದೆ. ಕೊಟ್ಟಿಗೆಗೆ ಹಾಸೋಣ ಅಂತ ಮಗ ಎರಡು ವರ್ಷದಿಂದ ಹೇಳುತ್ತಿದ್ದಾನೆ. ಆರು ದನದ ಉಸಿರು, ಗಂಜಲದ ಹಬೆ ಎಲ್ಲಿಗೆ ಹೋಗಬೇಕು ಅಂತ ನಾನು ಕೇಳುತ್ತೇನೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.